ಒನಕೆ ನಿಂತ ಹೊತ್ತು

ಬಿಸ್ಕತ್ತಿನ ಡಬ್ಬಿಗೆ ಕೈಹಾಕಿ ಹೇರಂಬ ಇನ್ನೊಂದು ಚೀಟಿ ತೆಗೆದ. ಅದರಲ್ಲೂ ಅದೇ ಇತ್ತು: ‘ಅಜ್ಜಿ ನಡುನಡುವೆ ಒನಕೆ ಎತ್ತಿಕೊಂಡು ಸುಮ್ಮನೆ ನಿಲ್ಲುವುದೇಕೆ? ನೋಡುವವರಿಗೆ ಬೇಜಾರು.’ ಅರವತ್ತು ಚಿಲ್ಲರೆ ಚೀಟಿಗಳಲ್ಲಿ ಮುಕ್ಕಾಲು ಪಾಲು ಇದನ್ನೇ ಹೇಳಿದ್ದವು. ಒಬ್ಬ ಪುಣ್ಯಾತ್ಮನಂತೂ ಅಜ್ಜಿಗೆ ಮೊದಲು ಗ್ಲೂಕೋಸ್ ಕುಡಿಸಿ ಆಮೇಲೆ ಶೂಟಿಂಗ್ ಮಾಡಬೇಕಿತ್ತು ಎಂದು ಬರೆದಿದ್ದ. ಹೇರಂಬ ಅದನ್ನು ಶರಾವತಿಗೆ ಕಾಣದಂತೆ ಜೇಬಿಗೆ ಹಾಕಿಕೊಂಡ.

ಸಾಗರದ ಕಾಲೇಜಿನಲ್ಲಿ ಕಡೇ ವರ್ಷದ ಬಿ.ಎ. ಓದುತ್ತಿದ್ದ ಇವರಿಬ್ಬರು ಸೇರಿ ಮಾಡಿದ ಹಾಡಿನ ವಿಡಿಯೊ ಅದು. ಶಿವಮೊಗ್ಗದಲ್ಲಿ ಆ ವರ್ಷ, ಅಂದರೆ ಎಂಬತ್ತೇಳರಲ್ಲಿ, ಕಾಲೇಜು ಹುಡುಗರಿಗಾಗಿ ವಿಡಿಯೊ ಸ್ಪರ್ಧೆ ಇಟ್ಟಿದ್ದರು. ಪೇಟೆಯಲ್ಲಿ ಮದುವೆ ವಿಡಿಯೊ ತೆಗೆಯುವ ಗಜಾನನ ಕ್ಯಾಮೆರಾ ಕೊಟ್ಟಿದ್ದ. ಹಾಡು ಶರಾವತಿಯ ಅಜ್ಜಿ ದುರ್ಗಮ್ಮನದು, ಬತ್ತ ಕುಟ್ಟುವಾಗ ಹೇಳುವ ಹಾಡು. ಮೊದಲು ಜನಕ್ಕೆ ತೋರಿಸಿ, ಚೀಟಿಯಲ್ಲಿ ಅಭಿಪ್ರಾಯ ಬರೆಸಿಕೊಂಡು, ತಿದ್ದಿ ಆಮೇಲೆ ಕಳಿಸೋಣ ಎಂಬುದು ಹೇರಂಬನ ತಲೆಯಿಂದ ಬಂದದ್ದು. ಆ ತಲೆಯ ಬಗ್ಗೆ ಅವನಿಗೆ ತುಸು ಹೆಮ್ಮೆಯೇ ಇತ್ತು.

ಹಾಡಿನ ಮಾತುಗಳನ್ನು ಮಾತ್ರ ಎಲ್ಲರೂ ಮೆಚ್ಚಿದ್ದರು. ಬತ್ತ ಹೊತ್ತು ತಂದವರು ಯಾರು, ಅಕ್ಕಿ ಯಾರಿಗೆ, ತೌಡು ಯಾರಿಗೆ, ಕುಟ್ಟಿ ಮುಗಿದ ಮೇಲೆ ಎತ್ತ ಹೋಗುತ್ತೀ ಎಂದು ಹಾಡಿನ ತುಂಬ ಬರೀ ಪ್ರಶ್ನೆಗಳು. ಕನ್ನಡದ ಮಹಾಗಣಪತಿ ಮೇಷ್ಟ್ರು ಉತ್ತರವಿಲ್ಲದ ಈ ಪ್ರಶ್ನೆಗಳಲ್ಲೇ ಬದುಕಿನ ತತ್ತ್ವ ಅಡಗಿದೆ ಎಂದು ಅರ್ಧ ಪೀರಿಯಡ್ ಮಾತಾಡಿದ್ದರು. ಹುಡುಗರು ನೋಟ್ಸ್ ಬರೆದುಕೊಂಡಿದ್ದರು.

ತಿದ್ದುವುದೇನೂ ಕಷ್ಟವಾಗಲಿಲ್ಲ. ಗಜಾನನ ಎರಡು ವಿ.ಸಿ.ಆರ್. ಜೋಡಿಸಿ ಕೂತು, ದುರ್ಗಮ್ಮ ಸುಮ್ಮನೆ ನಿಂತ ಕಡೆಯಲ್ಲೆಲ್ಲ ಕತ್ತರಿಸಿದ. ಒಂದು ಪ್ರಶ್ನೆ ಮುಗಿದದ್ದೇ ಇನ್ನೊಂದು ಪ್ರಶ್ನೆ, ಒಂದು ಪೆಟ್ಟು ಬಿದ್ದದ್ದೇ ಇನ್ನೊಂದು ಪೆಟ್ಟು. ಎಂಟು ನಿಮಿಷದ ಹಾಡು ನಾಲ್ಕೂವರೆ ನಿಮಿಷಕ್ಕೆ ಇಳಿಯಿತು. ಮತ್ತೆ ನೋಡಿದ ಹುಡುಗರು ಶಿಳ್ಳೆ ಹಾಕಿದರು.

ಶರಾವತಿ ಅಜ್ಜಿಯನ್ನೂ ಗಜಾನನನ ಅಂಗಡಿಗೆ ಕರೆತಂದು ತೋರಿಸಿದಳು. ದುರ್ಗಮ್ಮ ಪೂರ್ತಿ ನೋಡಿದಳು. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡಳು. ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತ ಮೇಲೆ, “ಅವಳ ಜಾಗವನ್ನೂ ಕಿತ್ತು ಹಾಕಿದ್ರಲ್ಲೆ” ಎಂದಳು.

ಅವಳು ಅಂದರೆ ಯಾರು ಎಂದು ಶರಾವತಿ ಕೇಳಿ ಕೇಳಿ ತಿಳಿದುಕೊಂಡಳು. ಶರಾವತಿ ಹೊಳೆಗೆ ಕಟ್ಟೆ ಕಟ್ಟುವ ಮೊದಲು ಇವರದು ಹೊಳೆಯ ದಂಡೆಯ ಊರು. ಪಕ್ಕದ ಮನೆಯಲ್ಲಿ ಕನ್ನಮ್ಮ. ಇಬ್ಬರಿಗೂ ಒಂದೇ ಒರಳು, ಎರಡು ಒನಕೆ; ಒಬ್ಬಳದು ಬಿದ್ದಾಗ ಇನ್ನೊಬ್ಬಳದು ಮೇಲೆ. ಊರು ಮುಳುಗುತ್ತದೆ ಎಂದಾಗ, ಎಲ್ಲಿಗೆ ಹೋದರೂ ಒಟ್ಟಿಗೆ ಹೋಗುವುದೆಂದು ಇಬ್ಬರೂ ಮಾತಾಡಿಕೊಂಡಿದ್ದರು. ಆದರೆ ಲಾರಿ ಬಂದ ಬೆಳಗ್ಗೆ ದುರ್ಗಮ್ಮನ ಗಂಡ ಹೊರಡು ಎಂದ, ಇವಳು ಹೊರಟಳು. ಕನ್ನಮ್ಮ ಹೊಳೆಗೆ ನೀರಿಗೆ ಹೋಗಿದ್ದಳು. ಅವಳಿಗೆ ಒಂದು ಮಾತು ಹೇಳಲೂ ಆಗಲಿಲ್ಲ. ಕನ್ನಮ್ಮ ತೀರ್ಥಹಳ್ಳಿ ಕಡೆಗೆ ಹೋದಳೆಂದು ಆಮೇಲೆ ಸುದ್ದಿ ಬಂತು. ಹೋಗಿ ಬರಬಹುದಿತ್ತು, ಬಸ್ಸೂ ಇತ್ತು. ಯಾವ ಮುಖ ಹೊತ್ತು ಹೋಗುವುದೆಂದು ದುರ್ಗಮ್ಮ ಇಪ್ಪತ್ತಮೂರು ವರ್ಷ ಹೋಗಲಿಲ್ಲ, ಒನಕೆಯನ್ನೂ ಮುಟ್ಟಲಿಲ್ಲ. ಮೊಮ್ಮಗಳು ಕಾಡಿದಳೆಂದು ಮೊನ್ನೆ ಹಿಡಿದದ್ದೇ ಮೊದಲು.

“ಸಿಟ್ಟಲ್ಲಿ ಇದಾಳೋ, ಸತ್ತೇ ಹೋಗಿದಾಳೋ, ಯಾರಿಗೆ ಗೊತ್ತು” ಎಂದು ದುರ್ಗಮ್ಮ ಬಸ್ಸು ಹತ್ತಿದಳು.

ಶರಾವತಿಗೆ ಆಮೇಲೆ ಸ್ಪರ್ಧೆಯ ಚಿಂತೆ ಹೋಯಿತು, ಕನ್ನಮ್ಮನ ಚಿಂತೆ ಹತ್ತಿತು. ಮುಂದಿನ ವಾರ ಗಜಾನನ ಹೊಸನಗರದ ಹತ್ತಿರದ ಹಳ್ಳಿಯೊಂದಕ್ಕೆ ಮದುವೆ ವಿಡಿಯೊಗೆ ಹೋಗುವವನಿದ್ದ. ಮುಳುಗಿದ ಊರಿನವರೇ ಹೋಗಿ ನೆಲೆಸಿದ ಹಳ್ಳಿ ಅದು. ನೆಂಟರಿಷ್ಟರು ಎಲ್ಲ ಕಡೆಯಿಂದ ಬರುತ್ತಾರೆ, ಅವರಿಗೂ ವಿಡಿಯೊ ತೋರಿಸಿ ಅಭಿಪ್ರಾಯ ಕೇಳೋಣ ಎಂದು ಅವಳು ಹೇರಂಬನಿಗೆ ಹೇಳಿದಳು. ಅಭಿಪ್ರಾಯ ಎಂದರೆ ಹೇರಂಬ ಬಿಡುತ್ತಾನೆಯೇ? ಡಬ್ಬಿಯನ್ನೂ ಹೊಸ ಚೀಟಿಗಳನ್ನೂ ಹಿಡಿದು ವ್ಯಾನು ಹತ್ತಿದ. ಕತ್ತರಿಸದ ಮೂಲ ಕ್ಯಾಸೆಟ್ಟನ್ನೂ ಶರಾವತಿ ಚೀಲದಲ್ಲಿ ಇಟ್ಟುಕೊಂಡಳು.

ಧಾರೆ ಮುಗಿದು ಊಟವೂ ಆದ ಮೇಲೆ, ಚಪ್ಪರದಲ್ಲಿ ಟಿ.ವಿ. ಇಟ್ಟು ತಿದ್ದಿದ ವಿಡಿಯೊ ಹಾಕಿದರು. ಚೀಟಿ ಹಂಚಿದಾಗ ಹೆಂಗಸರು ನಕ್ಕು ಅದರಲ್ಲಿ ಅಡಿಕೆ ಕಟ್ಟಿಕೊಂಡರು. ಟಿ.ವಿ.ಯಲ್ಲಿ ದುರ್ಗಮ್ಮ ಒನಕೆ ಎತ್ತಿದಳು, ಮೊದಲ ಪೆಟ್ಟು ಬಿತ್ತು, ಮೊದಲ ಪ್ರಶ್ನೆ ಬಂತು. ಕಂಬಕ್ಕೆ ಒರಗಿ ಕಾಲುಚಾಚಿ ಕೂತಿದ್ದ ಒಬ್ಬ ಮುದುಕಿ ಅಂಗೈಯಿಂದ ನೆಲಕ್ಕೆ ತಟ್ಟಿ ಬಾಯಿ ತೆರೆದಳು. ಅಷ್ಟರಲ್ಲಿ ಟಿ.ವಿ.ಯಲ್ಲಿ ಎರಡನೇ ಪ್ರಶ್ನೆ ಬಂದುಬಿಟ್ಟಿತು. ಮುದುಕಿ ಮತ್ತೆ ಕೈಯೆತ್ತಿದಳು, ಮತ್ತೆ ತಪ್ಪಿತು. ಮೂರನೇ ಸಲ ಕೈಯನ್ನು ಮಡಿಲಲ್ಲಿಟ್ಟುಕೊಂಡಳು.

ಮುಗಿದ ಮೇಲೆ ಹೇರಂಬ ಅವಳ ಹತ್ತಿರವೇ ಹೋಗಿ, ಹೇಗಿತ್ತು ಅಜ್ಜಿ ಎಂದು ಕೇಳಿದ.

“ಎಂತ ಹೇಗಿತ್ತು?” ಎಂದಳು ಮುದುಕಿ. “ಹಿಂಗೆ ಕುಟ್ಟಿದ್ರೆ ಅವಳ ಒನಕೆ ನನ್ನ ಒನಕೆಗೆ ಬಡಿತದೆ. ಹೇಳದೆ ಹೋದೋಳು ಹೋದ್ಲು, ಕುಟ್ಟದನ್ನೂ ಮರೆತು ಹೋದ್ಲಾ?”

ಹೇರಂಬನಿಗೆ ಏನೂ ತಿಳಿಯಲಿಲ್ಲ. ಶರಾವತಿ ಮುದುಕಿಯ ಮುಂದೆ ಕೂತು, ನೀವು ಕನ್ನಮ್ಮನಾ ಎಂದು ಕೇಳಿದಳು. ಹೌದು, ಕೋಣಂದೂರು ಹತ್ತಿರದ ಮಗಳ ಮನೆಯಿಂದ ಮದುವೆಗೆ ಬಂದದ್ದು ಎಂದು ಪಕ್ಕದವರು ಹೇಳಿದರು. ತಾನು ದುರ್ಗಮ್ಮನ ಮೊಮ್ಮಗಳೆಂದು ಶರಾವತಿ ಹೇಳಿದಾಗ ಕನ್ನಮ್ಮ ಅವಳ ಮುಖವನ್ನು ಒಂದು ಗಳಿಗೆ ನೋಡಿ ಬೇರೆ ಕಡೆ ತಿರುಗಿದಳು. ಅಜ್ಜಿ ಏನೂ ಮರೆತಿಲ್ಲ, ನಿಂತಿದ್ದಾಳೆ, ನಿಂತದ್ದನ್ನು ತೆಗೆದು ಹಾಕಿದವರು ನಾವು ಎಂದು ಶರಾವತಿ ಹೇಳಿದಳು. ಚೀಲದಿಂದ ಇನ್ನೊಂದು ಕ್ಯಾಸೆಟ್ ತೆಗೆದು ಗಜಾನನನ ಕೈಗೆ ಕೊಟ್ಟಳು.

ಈಗ ಟಿ.ವಿ.ಯಲ್ಲಿ ದುರ್ಗಮ್ಮ ಒಂದು ಪೆಟ್ಟು ಹಾಕಿ, ಒಂದು ಪ್ರಶ್ನೆ ಕೇಳಿ, ಒನಕೆಯನ್ನು ಮೇಲೆತ್ತಿ ನಿಂತಳು. ಅವಳ ಕಣ್ಣು ಒರಳಿನ ಆಚೆ ಬದಿಗೆ ನೆಟ್ಟಿತ್ತು. ಅಲ್ಲಿ ಯಾರೂ ಇರಲಿಲ್ಲ. ಕನ್ನಮ್ಮ ನೋಡಿದಳು. ಕಂಬ ಹಿಡಿದು ಎದ್ದಳು. ಮದುವೆಯ ಶಾಸ್ತ್ರಕ್ಕೆಂದು ಅರಿಸಿನ ಹಚ್ಚಿ ಇಟ್ಟಿದ್ದ ಒರಳು, ಒನಕೆ ಚಪ್ಪರದ ಮೂಲೆಯಲ್ಲೇ ಇದ್ದವು. ಒರಳನ್ನು ಟಿ.ವಿ. ಮುಂದೆ ಇಡಿ ಎಂದಳು. ಯಾರೋ ಒಂದು ಬೊಗಸೆ ಬತ್ತ ಸುರಿದರು. ಇನ್ನೊಂದು ಸಲ ಮೊದಲಿಂದ ಹಾಕು ಎಂದು ಗಜಾನನನಿಗೆ ಹೇಳಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಬತ್ತ ತಂದೋರ್ಯಾರೆ ತಂಗಿ, ಹೊತ್ತು ತಂದೋರ್ಯಾರೆ?” ಎಂದಳು ಟಿ.ವಿ.ಯೊಳಗಿನ ದುರ್ಗಮ್ಮ. ಒನಕೆ ಎತ್ತಿ ನಿಂತಳು.

ಕನ್ನಮ್ಮನ ಒನಕೆ ಬಿತ್ತು. “ತಂದೋರು ಮಲಗ್ಯಾರೆ ಅಕ್ಕಾ, ಕುಟ್ಟೋರು ನಾವೆ.”

“ಅಕ್ಕಿ ಯಾರಿಗೆ ತಂಗಿ, ತೌಡು ಯಾರಿಗೆ?”

“ಅಕ್ಕಿ ಅತ್ತೀಗೆ ಅಕ್ಕಾ, ತೌಡು ಎಮ್ಮೀಗೆ, ಕೈಬೊಕ್ಕೆ ನಮಗೆ.”

ಹೆಂಗಸರು ಗೊಳ್ಳೆಂದು ನಕ್ಕರು. ಬದುಕಿನ ತತ್ತ್ವವೆಲ್ಲ ಅತ್ತೆಯ ಮೇಲಿನ ಕುಚೋದ್ಯವಾಗಿತ್ತು. ಹೇರಂಬನೂ ನಕ್ಕ, ಆದರೆ ಸ್ವಲ್ಪ ಹೊತ್ತಿನಲ್ಲೇ ಅವನ ನಗು ನಿಂತಿತು. ಒಂದು ಪೆಟ್ಟು ಟಿ.ವಿ.ಯಿಂದ, ಒಂದು ಪೆಟ್ಟು ಚಪ್ಪರದ ನೆಲದಿಂದ. ಒಂದು ಸಲವೂ ಒಂದರ ಮೇಲೊಂದು ಬೀಳಲಿಲ್ಲ, ಒಂದು ಸಲವೂ ತಡವಾಗಲಿಲ್ಲ. ದುರ್ಗಮ್ಮ ತನ್ನ ಅಂಗಳದಲ್ಲಿ ಯಾರೂ ಇಲ್ಲದೆ ಬಿಟ್ಟ ಬಿಡುವು, ಇಪ್ಪತ್ತಮೂರು ವರ್ಷ ಜೊತೆಗೆ ಕುಟ್ಟದವಳ ಒನಕೆಗೆ ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲದೆ ಸರಿಹೋಗಿತ್ತು. ಎಲೆ ತೆಗೆಯುತ್ತಿದ್ದವರು ಎಂಜಲೆಲೆ ಹಿಡಿದುಕೊಂಡೇ ನಿಂತಿದ್ದರು. ಮದುಮಗ ಮದುಮಗಳು ಬಂದು ಹಿಂದೆ ನಿಂತಿದ್ದರು. ಅವರನ್ನು ಬಿಟ್ಟು ಗಜಾನನನ ಕ್ಯಾಮೆರಾ ಟಿ.ವಿ.ಯನ್ನೂ ಕನ್ನಮ್ಮನನ್ನೂ ಒಟ್ಟಿಗೆ ಹಿಡಿದಿತ್ತು. ದೇವರ ಮುಂದೆ ನಿಂತಾಗಲೂ ಇಷ್ಟು ಭಯಭಕ್ತಿ ಹೇರಂಬನಿಗೆ ಆಗಿದ್ದಿಲ್ಲ. ಅವನು ಡಬ್ಬಿಯನ್ನು ಕುರ್ಚಿಯ ಕೆಳಗೆ ತಳ್ಳಿದ.

ಕೊನೆಯ ಪ್ರಶ್ನೆ ಬಂತು. “ಕುಟ್ಟಿ ಮುಗಿದ್ರೆ ತಂಗಿ, ಎತ್ತ ಹೋಗ್ತೀಯೆ?”

ಕನ್ನಮ್ಮನ ಒನಕೆ ಬಿತ್ತು, ಮಾತು ಬರಲಿಲ್ಲ. ಸಿಟ್ಟಿನಲ್ಲಿ ಹಾಗೇ ನಿಂತಳೋ ಎಂದು ಶರಾವತಿ ಹೆದರಿದಳು. ಟಿ.ವಿ.ಯೊಳಗಿನ ದುರ್ಗಮ್ಮ ಒನಕೆ ಎತ್ತಿ ಕಾಯುತ್ತಿದ್ದಳು. ಅದು ಎಲ್ಲಕ್ಕಿಂತ ಉದ್ದದ ಬಿಡುವು. ಚೀಟಿಗಳಲ್ಲಿ ಹುಡುಗರು ಹೆಚ್ಚು ಬೈದದ್ದೂ ಅದನ್ನೇ. ಅದು ಇನ್ನೇನು ಮುಗಿಯಬೇಕು ಅನ್ನುವಾಗ ಕನ್ನಮ್ಮ ಮೆಲ್ಲಗೆ ಹಾಡಿದಳು: “ಒನಕೆ ಇಟ್ಟಲ್ಲೇ ಅಕ್ಕಾ, ನಾಳಿಗೆ ಬಾರೆ.”

ಚಪ್ಪರದಲ್ಲಿ ತೆಗೆದ ಆ ವಿಡಿಯೊ ಹಾಗೆಯೇ ಶಿವಮೊಗ್ಗದ ಸ್ಪರ್ಧೆಗೆ ಹೋಯಿತು. ವಿಡಿಯೊದೊಳಗೆ ಟಿ.ವಿ. ಕಾಣುವುದು ತಾಂತ್ರಿಕ ದೋಷ ಎಂದು ತೀರ್ಪುಗಾರರು ಬಹುಮಾನ ಕೊಡಲಿಲ್ಲ. ಹೇರಂಬ ತಲೆ ಕೆಡಿಸಿಕೊಳ್ಳಲಿಲ್ಲ.

ಅದಕ್ಕೂ ಮೊದಲೇ, ಮದುವೆಯ ಮಾರನೇ ಬೆಳಗ್ಗೆ, ಗಜಾನನನ ಅಂಗಡಿಯಲ್ಲಿ ದುರ್ಗಮ್ಮ ಅದನ್ನು ನೋಡಿದ್ದಳು. ಕನ್ನಮ್ಮನ ಮೊದಲ ಪೆಟ್ಟು ಕೇಳಿದಾಗ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಅತ್ತೆಯ ಮಾತು ಬಂದಾಗ ಅಳುತ್ತಲೇ ನಕ್ಕಳು. ಕೊನೆಯ ಪ್ರಶ್ನೆಗೆ ಉತ್ತರ ಬರದೆ ಇದ್ದಷ್ಟು ಹೊತ್ತು ತಲೆ ತಗ್ಗಿಸಿ ಕೂತಿದ್ದಳು. ಉತ್ತರ ಬಂದ ಮೇಲೂ ಬಹಳ ಹೊತ್ತು ತಲೆ ಎತ್ತಲಿಲ್ಲ.

ಹೇಗಿತ್ತು ಎಂದು ಈ ಸಲ ಯಾರೂ ಕೇಳಲಿಲ್ಲ.

ಸಂಜೆ ಶರಾವತಿ ಮನೆಗೆ ಬಂದಾಗ ದುರ್ಗಮ್ಮ ಅಂಗಳದಲ್ಲಿ ಒನಕೆಯನ್ನು ಮಡಿಲಿಗೆ ಅಡ್ಡ ಹಾಕಿಕೊಂಡು, ಅದರ ತುದಿಯ ಕಬ್ಬಿಣದ ಬಳೆಗೆ ಹುಣಸೆಹಣ್ಣು ತಿಕ್ಕುತ್ತಿದ್ದಳು. ತುಕ್ಕು ಬಿಟ್ಟು ಒಂದು ಬದಿ ಹೊಳೆಯತೊಡಗಿತ್ತು.

“ಕೋಣಂದೂರಿಗೆ ಬೆಳಗಿನ ಬಸ್ಸು ಎಷ್ಟು ಹೊತ್ತಿಗೆ?” ಎಂದು ಕೇಳಿದಳು. ಮೊಮ್ಮಗಳು ಏಳಕ್ಕೆ ಎಂದಳು.

ದುರ್ಗಮ್ಮ ಬಳೆಯನ್ನು ತಿರುಗಿಸಿ ಇನ್ನೊಂದು ಬದಿ ತಿಕ್ಕತೊಡಗಿದಳು. “ಒನಕೆ ಹತ್ತಿಸ್ಕಳ್ತಾರನೇ ಬಸ್ಸಲ್ಲಿ?”