ಮುದ್ದೆ ನುಂಗುವ ಬಾಯಿ

"ನಿನ್ನ ಜೋಡಿ ಓಗ್ಬುಟ್ಟ ಕಣಯ್ಯ. ಸಾಲು ಮುಗ್ಸಿ ಓಗು, ಅರ್ಧಕ್ಕೆ ಬಿಟ್ಟು ಓಡ್ಬೇಡ."

ತೋಟದ ಯಜಮಾನ ಮುನೀಂದ್ರ ಬೈಕಿನಿಂದ ಇಳಿಯದೆಯೇ ಹೇಳಿದ. ನಾನು ಟೊಮೆಟೊ ಗಿಡಗಳನ್ನು ಕೋಲಿಗೆ ಕಟ್ಟುತ್ತಿದ್ದೆ. ದೊಡ್ಡಾಸ್ಪತ್ರೆಯಲ್ಲಿ ಶ್ರೀನಿವಾಸಪ್ಪ ಬೆಳಗಿನ ಹೊತ್ತಿಗೆ ತೀರಿಕೊಂಡನೆಂದು ಯಾರೋ ಮುನೀಂದ್ರನಿಗೆ ಫೋನು ಮಾಡಿದ್ದರು. ಶ್ರೀನಿವಾಸಪ್ಪ ನನ್ನೊಡನೆ ಚಿಕ್ಕಂದಿನಿಂದ ಕೂಲಿ ಮಾಡಿದವನು, ಒಂದೇ ತಂಬೂರಿಗೆ ಹಾಡಿದವನು. ದೇವರ ಮುಂದೆ ಸುಳ್ಳು ಹೇಳಬಾರದು. ನನಗೆ ಮೊದಲು ಬಂದದ್ದು ಅಳುವಲ್ಲ. ಅವನ ಹಲ್ಲು ಇನ್ನು ಯಾರಿಗೆ ಎಂಬ ಯೋಚನೆ. ಆ ಯೋಚನೆಯಲ್ಲೇ ಸಾಲು ಮುಗಿಸಿದೆ.

ಎರಡು ವರ್ಷದ ಹಿಂದೆ ಬಂಗಾರಪೇಟೆಯ ಛತ್ರವೊಂದರಲ್ಲಿ ಬಡ ಮುದುಕರಿಗೆ ಹಲ್ಲಿನ ಸೆಟ್ಟು ಕೊಡುವ ಶಿಬಿರ ನಡೆಯಿತು. ದುಡ್ಡು ಸರ್ಕಾರದ್ದು, ಪಟ್ಟಿ ಮಾಡುವವನು ಮುನೀಂದ್ರ. ಬಾಯಲ್ಲಿ ಒಂದು ಹಲ್ಲೂ ಇರಬಾರದೆಂದು ನಿಯಮ. ನನಗೆ ಕೆಳಗಡೆ ಎರಡು ಉಳಿದಿದ್ದವು. ಕೀಳಿಸಿಕೊಂಡು ಬಾ ಎಂದರು. ಕೀಳಿಸಿಕೊಂಡು, ಗಾಯ ಮಾಯಿಸಿಕೊಂಡು ಹೋದೆ. ಅಷ್ಟರಲ್ಲಿ ಪಟ್ಟಿ ತುಂಬಿತ್ತು. ನನ್ನ ಜಾಗದಲ್ಲಿ ಮುನೀಂದ್ರನ ಸೋದರತ್ತೆ ಕೂತಿದ್ದಳು. ಎರಡು ಟ್ರ್ಯಾಕ್ಟರಿನ ಮನೆಯಾಕೆ, ಕೈಯಲ್ಲಿ ಬಡವರ ಕಾರ್ಡು. ಇದು ನ್ಯಾಯವೇ ಎಂದು ಕೇಳಿದೆ.

"ಮುದ್ದೆ ನುಂಗೋ ಬಾಯಿಗೆ ಅಲ್ಲು ಯಾಕ್ಲಾ?" ಎಂದ ಮುನೀಂದ್ರ. "ಮೂಳೆ ಕಡೀಬೇಕಾ?"

ಸಾಲಿನಲ್ಲಿದ್ದ ಮುದುಕರೆಲ್ಲ ನಕ್ಕರು. ಶ್ರೀನಿವಾಸಪ್ಪನೂ ನಕ್ಕ. ಅವನ ಹೆಸರು ಪಟ್ಟಿಯಲ್ಲಿತ್ತು.

ನಮ್ಮ ಕೇರಿಯ ಭಜನೆಯಲ್ಲಿ ಮೊದಲ ಸೊಲ್ಲು ಎತ್ತುತ್ತಿದ್ದವನು ನಾನು. ಏಳನೇ ತರಗತಿ ಓದಿದ್ದೆ, ಪದಗಳ ಅರ್ಥ ತಿಳಿದಿತ್ತು. ಹಲ್ಲು ಹೋದ ಮೇಲೆ ಸ್ವಾಮಿಯ ಹೆಸರೇ ಗಾಳಿಯಾಗಿ ಸೋರುತ್ತಿತ್ತು. ಶ್ರೀನಿವಾಸಪ್ಪ ಹೊಸ ಹಲ್ಲು ಹಾಕಿಕೊಂಡು ಬಂದ ಶನಿವಾರ ಕೇರಿಯವರು ತಂಬೂರಿಯನ್ನು ಅವನ ಕೈಗೆ ಕೊಟ್ಟರು. ಓದು ಬಾರದವನು, ನನ್ನ ಬಾಯಿಂದ ಕಲಿತ ಪದಗಳನ್ನೇ ಅಕ್ಷರ ಬಿಡಿಸಿ ಹಾಡಿದ. ನಾನು ಹಿಂದೆ ಕೂತು ತಾಳ ಹಾಕಿದೆ. ಸ್ವಾಮಿಯ ಪಟ ನೋಡಬೇಕಾದ ಕಣ್ಣು ಅವನ ಬಾಯಿ ನೋಡುತ್ತಿತ್ತು. ಮದುವೆ ಮನೆಯಲ್ಲಿ ಅವನು ಚಕ್ಕುಲಿ ಮುರಿದ ಸದ್ದಿಗೂ ನನ್ನ ಎದೆ ಉರಿಯುತ್ತಿತ್ತು.

ಒಂದು ದಿನ ಬೇತಮಂಗಲದ ಬಸ್ಸಿಗೆ ಕಾಯುತ್ತಿದ್ದಾಗ ಅವನು ದವಡೆ ಹಿಡಿದುಕೊಂಡ.

"ಚುಚ್ತದೆ ಕಣ್ಲಾ ಚಿಕ್ಕಮುನಿ. ಒಳ್ಗೆ ಉಣ್ಣಾಗೈತೆ."

"ಚುಚ್ಚಿದ್ರೆ ಬಿಚ್ಚಿ ನಂಗೆ ಕೊಡ್ಲಾ," ಎಂದೆ. "ಇಟ್ಕೊಳಾಕೂ ಯೋಗ್ತಿ ಬೇಕು."

ಅವನು ಮತ್ತೆ ಆ ಮಾತೆತ್ತಲಿಲ್ಲ. ಹಾಡುವಾಗ ನಡುನಡುವೆ ಕಣ್ಣು ಮುಚ್ಚಿ ತಡೆಯುತ್ತಿದ್ದ. ಭಕ್ತಿಯ ವೇಷ ಹಾಕುತ್ತಾನೆ ಎಂದುಕೊಂಡೆ. ಹುಣ್ಣು ಗೆಡ್ಡೆಯಾಗಿ ದೊಡ್ಡಾಸ್ಪತ್ರೆಗೆ ಸೇರಿಸಿದ ಮೇಲೂ ನಾನು ನೋಡಲು ಹೋಗಲಿಲ್ಲ.

ಸುದ್ದಿ ಬಂದ ಮರುದಿನ ಬೆಳಿಗ್ಗೆ ಅವನನ್ನು ನಮ್ಮ ಪದ್ಧತಿಯಂತೆ ಬಾಗಿಲ ಮುಂದೆ ಗೋಡೆಗೆ ಒರಗಿಸಿ ಕೂರಿಸಿದ್ದರು. ದವಡೆಯ ಒಂದು ಕಡೆ ಇರಲಿಲ್ಲ, ಆಸ್ಪತ್ರೆಯವರು ತೆಗೆದಿದ್ದರು. ಸೊಸೆ ರಾಧಾಮಣಿ ಆ ಜಾಗ ಕಾಣದಂತೆ ಬಿಳಿ ಬಟ್ಟೆ ಸುತ್ತಿದ್ದಳು. ಸ್ಟೀಲು ಡಬ್ಬಿಯೊಂದನ್ನು ತಂದು ನನ್ನ ಕೈಗಿಟ್ಟು, ಹಲ್ಲನ್ನೂ ಜೊತೆಗೆ ಮಣ್ಣಿಗೆ ಹಾಕಬೇಕೇ ಎಂದು ಕೇಳಿದಳು. ಎರಡು ವರ್ಷ ಆಸೆಪಟ್ಟ ವಸ್ತು ಕೈಗೆ ಬಂದಿತ್ತು. ಒಳಗಿನ ಅಂಚನ್ನು ಮುಟ್ಟಿದೆ. ಮುರಿದ ಬಳೆಯಂತೆ ಚೂಪಾಗಿತ್ತು.

"ಬದುಕಿದ್ದಾಗ ಕಚ್ಚಿದ್ದು ಸಾಲ್ದಾ ತಾಯಿ? ಬ್ಯಾಡ."

ಅವಳು ಪ್ಲಾಸ್ಟಿಕ್ ಕವರಿನಿಂದ ಪೇಟೆಯ ಆಸ್ಪತ್ರೆಯ ಮೂರು ಚೀಟಿ ತೆಗೆದಳು. ಹಲ್ಲಿನ ಚೂಪು ಅಂಚನ್ನು ಉಜ್ಜಿ ಸರಿ ಮಾಡಿಸಲು ಮಾವನನ್ನು ಮೂರು ಸಲ ಕರೆದುಕೊಂಡು ಹೋಗಿದ್ದಳಂತೆ. ಮೊದಲ ಸಲ, ಹಲ್ಲಿನ ಡಾಕ್ಟರು ಬುಧವಾರ ಮಾತ್ರ ಬರುತ್ತಾರೆ ಎಂದರು. ಬುಧವಾರ ಹೋದರೆ ಯಂತ್ರ ಕೆಟ್ಟಿತ್ತು. ಮೂರನೆಯ ಸಲ, ಶಿಬಿರದ ಹಲ್ಲು ನಮ್ಮದಲ್ಲ, ಕೊಟ್ಟವರನ್ನು ಕೇಳಿ ಎಂದು ಕಳಿಸಿದರು. ಕೊಟ್ಟವನನ್ನು ಕೇಳಿದಾಗ ಮುನೀಂದ್ರ ಮಾವನಿಗೆ ಅಂದದ್ದನ್ನು ಅವಳು ಹಾಗೆಯೇ ಹೇಳಿದಳು: "ಬಿಟ್ಟಿ ಕೊಟ್ಟಿದ್ಕೂ ರಿಪೇರಿ ಕೇಳ್ತೀಯೇನ್ಲಾ ಬೋಳಿಮಗ್ನೆ?"

ನನಗೇಕೆ ತಿಳಿಸಲಿಲ್ಲ ಎಂದೆ. ಅವಳು ನೆಲ ನೋಡಿದಳು.

"ಮಾವಾನೇ ಯೋಳ್ಬ್ಯಾಡ ಅಂದಿದ್ರು. ಚಿಕ್ಕಮುನಿಗೆ ಗೊತ್ತಾದ್ರೆ ನಗ್ತಾನೆ ಅಂದ್ರು."

ಹೆಣಕ್ಕೆ ನೀರು ಹಾಕುವ ಮೊದಲೇ ಮುನೀಂದ್ರ ಹಾರ ಹಿಡಿದು ಬಂದ. ರಾಧಾಮಣಿ ತಾಲ್ಲೂಕು ಕಚೇರಿಗೆ ದೂರು ಕೊಡುತ್ತಾಳೆಂಬ ಮಾತು ಅವನ ಕಿವಿಗೆ ಬಿದ್ದಿತ್ತು. ನನ್ನನ್ನು ಹುಣಸೆಮರದ ಹತ್ತಿರ ಕರೆದು, ಬಿಳಿ ಹಾಳೆ, ಪೆನ್ನು ಕೊಟ್ಟ. ಕೇರಿಯಲ್ಲಿ ಅಕ್ಷರ ಬಲ್ಲ ಹಿರಿಯ ನೀನೇ, ನೀನು ಬರೆದರೆ ನಂಬುತ್ತಾರೆ ಎಂದ. ಹಲ್ಲು ಸರಿಯಾಗಿಯೇ ಇತ್ತು, ಹೊಗೆಸೊಪ್ಪು ತಿಂದು ಸತ್ತ ಎಂದು ಬರೆಯಬೇಕಂತೆ. ಮುಂದಿನ ತಿಂಗಳು ಮತ್ತೆ ಶಿಬಿರ, ಪಟ್ಟಿಯಲ್ಲಿ ಮೊದಲ ಹೆಸರು ನನ್ನದಂತೆ.

"ಅಲ್ಲು ಬಂದ್ರೆ ತಂಬೂರಿ ಮತ್ತೆ ನಿಂದೇ ಅಲ್ವೇನಯ್ಯ?" ಎಂದು ಬೆನ್ನು ತಟ್ಟಿದ.

ನನ್ನ ಹೊಟ್ಟೆಕಿಚ್ಚು ಅವನವರೆಗೂ ಮುಟ್ಟಿತ್ತೆಂದು ಆಗ ತಿಳಿಯಿತು. ಒಂದು ಗಳಿಗೆ ನನ್ನ ನಾಲಿಗೆ ಖಾಲಿ ಒಸಡಿನ ಮೇಲೆ ಆಚೆಯಿಂದ ಈಚೆಗೆ ಓಡಾಡಿತು. ಅದನ್ನೂ ಮುಚ್ಚಿಡಲಾರೆ.

ಆಮೇಲೆ ಹೋಗಿ ಹೆಣದ ಪಕ್ಕದಲ್ಲಿ ಕೂತು ಬರೆದೆ. ಮೂರು ಚೀಟಿಯ ತಾರೀಕು ಬರೆದೆ. ಮುನೀಂದ್ರನ ಬೈಗುಳವನ್ನು ಒಂದಕ್ಷರ ಬಿಡದೆ ಬರೆದೆ. ನನಗೆ ಈಗ ತೋರಿಸಿದ ಆಸೆಯನ್ನು ಬರೆದೆ. ಕೊನೆಗೆ, ಹುಣ್ಣಾಗಿದೆ ಎಂದು ಗೆಳೆಯ ಹೇಳಿದಾಗ ಹೊಟ್ಟೆಕಿಚ್ಚಿನಿಂದ ಅಣಕಿಸಿದವನು ಚಿಕ್ಕಮುನಿಯಪ್ಪನೆಂಬ ನಾನೇ ಎಂದು ಬರೆದು ರುಜು ಹಾಕಿದೆ. ನೆರೆದವರ ಮುಂದೆ ಗಟ್ಟಿಯಾಗಿ ಓದಿದೆ. ಮಾತು ಸೋರಿಹೋದ ಕಡೆ ನಿಲ್ಲಿಸಿ ಎರಡೆರಡು ಸಲ ಓದಿದೆ. ಯಾರೂ ನಗಲಿಲ್ಲ. ಹಾಳೆಯನ್ನು ರಾಧಾಮಣಿ ಮಡಿಸಿ ಚೀಟಿಗಳ ಜೊತೆ ಇಟ್ಟುಕೊಂಡಳು.

"ನಾಳೆಯಿಂದ ತೋಟದ ಕಡೆ ತಲೆ ಆಕ್ಬೇಡ್ಲಾ ನಾಯಿ," ಎಂದ ಮುನೀಂದ್ರ. ತಂದಿದ್ದ ಹಾರವನ್ನು ಬೈಕಿನ ಹ್ಯಾಂಡಲಿಗೆ ನೇತುಹಾಕಿಕೊಂಡು ಹೊರಟುಹೋದ.

ಮಧ್ಯಾಹ್ನ ಕೆರೆಯಂಚಿನ ಗುಂಡಿಯಲ್ಲಿ ಶ್ರೀನಿವಾಸಪ್ಪನನ್ನು ಇಳಿಸಿದೆವು. ಹಿಡಿ ಮಣ್ಣು ಹಾಕುವಾಗ ಬೇಡಿಕೊಂಡೆ:

ಸ್ವಾಮಿ, ಇವನು ಕೋರಮಂಡಲದ ಚಿನ್ನದ ಗಣಿ ಮುಚ್ಚುವವರೆಗೆ ನನ್ನ ಜೊತೆ ಅಲ್ಲಿ ಮಣ್ಣು ಹೊತ್ತವನು, ಆಮೇಲೆ ಪರರ ತೋಟದಲ್ಲಿ ಬೆನ್ನು ಬಗ್ಗಿಸಿದವನು. ನೋವು ಇಟ್ಟುಕೊಂಡೇ ನಿನ್ನ ಹೆಸರು ಹಾಡಿದವನು. ಇವನನ್ನು ಯಾವ ಬಾಗಿಲಲ್ಲೂ ಕಾಯಿಸಬೇಡ, ಇನ್ನೊಂದು ದಿನ ಬಾ ಎನ್ನಬೇಡ. ನಿನ್ನ ಪಾದದ ಹತ್ತಿರವೇ ಕೂರಿಸು. ಅಲ್ಲಿ ಕೂತವನನ್ನು ನೆನೆದು ನನಗೆ ಹೊಟ್ಟೆ ಉರಿದರೆ ಉರಿಯಲಿ, ಅದು ನನ್ನ ಪಾಲು. ಅವನ ಆತ್ಮಕ್ಕೆ ಶಾಂತಿ ಕೊಡು.