ಅಂಗೈಗೆ ತಿಳಿಯದ ಬಿಸಿ

ಬೆಳಗಾದರೆ ನೀಲಗಂಗವ್ವನ ರೆಪ್ಪೆಗಳು ಅಂಟಿಕೊಂಡಿರುತ್ತಿದ್ದವು. ಬಿಡಿಸಿಕೊಂಡರೆ ಒಳಗೆ ಮರಳು ಹರಿದಾಡಿದಂತೆ ಕರಕರ. ಒಮ್ಮೆ ಉರಿ, ಒಮ್ಮೆ ಸುಮ್ಮಸುಮ್ಮನೆ ನೀರು. ಮರಳೇ ಬಿದ್ದಿದ್ದರೂ ಬಿದ್ದಿರಬಹುದು. ಅವಳ ಬದುಕೇ ಮರಳಿನದು. ಬನವಾಸಿಯ ಹಾದಿಯಲ್ಲಿ ಅವರದೊಂದು ಮಂಡಕ್ಕಿ ಭಟ್ಟಿ. ಹೊಟ್ಟಿನ ಬೆಂಕಿಯ ಮೇಲೆ ಬಾಣಲೆ, ಬಾಣಲೆಯಲ್ಲಿ ಕಾದ ಮರಳು. ಮರಳಿನ ಬಣ್ಣ ನೋಡಿಯೇ ಹದ ತಿಳಿದು ಅಕ್ಕಿ ಸುರಿಯಬೇಕು. ಅರಳಿದ್ದನ್ನು ಚಕ್ಕನೆ ಸೋಸದಿದ್ದರೆ ಕರಕು. ಈಚೆಗೆ ದಿನಕ್ಕೆ ಮೂರು ಬಾಣಲೆ ಕರಕಾಗುತ್ತಿತ್ತು.

"ಹೊತ್ತಿತು ನೋಡ" ಎಂದು ಮೂಲೆಯಿಂದ ಮೊದಲು ಕೂಗುವವಳು ಅತ್ತೆ ಗುರುಶಾಂತವ್ವ. ಅವಳಿಗೆ ವಾಸನೆ ಮಾತ್ರ ಗೊತ್ತಾಗುತ್ತಿತ್ತು. ಎರಡೂ ಕಣ್ಣುಗಳು ಸುಣ್ಣದ ಹರಳಿನಂತೆ ಬೆಳ್ಳಗಾಗಿ ಏಳು ವರ್ಷವಾಗಿತ್ತು. ಅವಳಿಗೂ ಹೀಗೇ, ಇದೇ ಭಟ್ಟಿಯ ಮುಂದೆ ಕರಕರ ಶುರುವಾಗಿತ್ತು. ಸಂತೆಯಲ್ಲಿ ಕಣ್ಣಿನ ಮದ್ದು ಮಾರುವ ಅಂಜನದವನು ಪುಡಿ ಹಾಕಿದ. ಮೂರೇ ದಿನಕ್ಕೆ ಕೀವು ತುಂಬಿತು, ಬೆಳಕು ಹೋಯಿತು.

ಈಗ ಗಂಡ ಅಂದಾನಪ್ಪ ಅದೇ ಪುಡಿಯ ಪೊಟ್ಟಣ ತಂದಿದ್ದ.

"ಅತ್ತಿ ಕಣ್ಣು ತಿಂದದ್ದು ಇದ ಅಲ್ಲೇನ್ರಿ?" ನೀಲಗಂಗವ್ವ ಹಿಂದೆ ಸರಿದಳು.

"ಪುಡಿದೇನು ತಪ್ಪು? ಯವ್ವ ಪಥ್ಯ ಮುರದ್ಲು. ಬ್ಯಾಡ ಬ್ಯಾಡ ಅಂದ್ರೂ ಬದನಿಕಾಯಿ ತಿಂದ್ಲು. ಅಂಜನದಂವಾನ ಹೇಳ್ಯಾನ."

ಏಳು ವರ್ಷದಿಂದ ಆ ಮನೆಯಲ್ಲಿ ಗುರುಶಾಂತವ್ವನ ಎದುರು ಯಾರೂ ಬದನೆಕಾಯಿಯ ಹೆಸರೆತ್ತುವಂತಿರಲಿಲ್ಲ, ಬೈಯುವಾಗ ಬಿಟ್ಟು.

ಅಷ್ಟರಲ್ಲಿ ನರ್ಸಬಾಯಿ ಸೀತಮ್ಮ ಬಂದಳು. ಕಾನಸೂರಿನ ಕಡೆಯವಳು, ಊರಿನ ಮಕ್ಕಳಿಗೆ ದೇವಿ ಹಾಕಲು, ಅಂದರೆ ಸಿಡುಬಿನ ಲಸಿಕೆ ಚುಚ್ಚಲು ಬಂದವಳು, ಮಂಡಕ್ಕಿಗೆಂದು ಭಟ್ಟಿಗೆ ಇಳಿದಿದ್ದಳು. ನೀಲಗಂಗವ್ವನ ರೆಪ್ಪೆ ಎತ್ತಿ ನೋಡಿದಳು. ಪೊಟ್ಟಣ ಬಿಚ್ಚಿ ಬೆರಳಲ್ಲಿ ಉಜ್ಜಿದಳು. ಸಂತೆಗಳಲ್ಲಿ ಕಂಡಿದ್ದ ಅಂಜನದವನ ಹಾಗೆ ಕುತ್ತಿಗೆ ಉಬ್ಬಿಸಿ, ಮೂಗಿನಲ್ಲಿ ರಾಗ ತೆಗೆದಳು:

"ಬರ್ರೀ ತಾಯಂದ್ರಾ! ಕುರುಡ ಕಂಡಾನು, ಕಂಡವ ಓದ್ಯಾನು, ಓದಿದವ ಸಾಹೇಬ ಆದಾನು!"

ಥೇಟ್ ಅವನೇ. ಅಂದಾನಪ್ಪನೂ ನಕ್ಕುಬಿಟ್ಟ. ಮೂಲೆಯಿಂದ ಮಾತ್ರ ನಗು ಬರಲಿಲ್ಲ. ಸೀತಮ್ಮ ಅತ್ತ ತಿರುಗಿದಳು, ಆ ಬಿಳಿಯ ಕಣ್ಣುಗಳನ್ನು ಕಂಡಳು, ದನಿ ಇಳಿಸಿದಳು.

"ಅಣ್ಣಾ, ಇದರಲ್ಲಿ ಮೈಲುತುತ್ತ ಉಂಟು. ನಮ್ಮ ಕಡೆ ಅಡಿಕೆಗೆ ಕೊಳೆ ಬಂದರೆ ಹೊಡೀತಾರಲ್ಲ, ಅದೇ. ಬೆಂಕಿಗೆ ಹಾಕಿದರೆ ಹಸಿರಾಗಿ ಉರೀತದೆ. ಇದನ್ನ ಕಣ್ಣಿಗೆ ಹಾಕ್ತಾರಾ?"

ಮೂಲೆಯಿಂದ ಗುರುಶಾಂತವ್ವ ಕೇಳಿದಳು, "ಹಂಗಾರ... ಬದನಿಕಾಯಿದು ತಪ್ಪಲ್ಲೇನವಾ?"

"ಬದನೆಕಾಯಿ ಎಂತ ಮಾಡ್ತದೆ ಅಮ್ಮ? ತಪ್ಪೆಲ್ಲಾ ಈ ಪುಡಿಯದ್ದು."

ಆಮೇಲೆ ಸೀತಮ್ಮ ನೀಲಗಂಗವ್ವನನ್ನು ಕೇಳಿದಳು, "ಚಳಿಗಾಲದಲ್ಲಿ ಸೀಸೆಯ ಕೊಬ್ಬರಿ ಎಣ್ಣೆ ಎಂತ ಆಗ್ತದೆ?"

"ಗಟ್ಟಿ ಆಗತೈತ್ರಿ. ಬಿಸಲಿಗಿಟ್ರ ಕರಗತೈತಿ."

"ರೆಪ್ಪೆಯ ಅಂಚಿನಲ್ಲೂ ಎಣ್ಣೆ ಒಸರುವ ಸಣ್ಣ ಸಣ್ಣ ರಂಧ್ರ ಉಂಟು. ಅಲ್ಲಿ ಎಣ್ಣೆ ಗಟ್ಟಿಯಾದರೆ ಕಣ್ಣ ಮೇಲಿನ ನೀರು ಬೇಗ ಆರಿಹೋಗ್ತದೆ. ಕಣ್ಣು ಒಣಗ್ತದೆ, ಉರೀತದೆ. ಕುದಿಸಿದ ನೀರನ್ನ ಹಿತವಾದ ಬಿಸಿಗೆ ಆರಿಸು. ತೊಳೆದ ಬಟ್ಟೆ ಅದ್ದಿ, ಹಿಂಡಿ, ಮುಚ್ಚಿದ ಕಣ್ಣಿನ ಮೇಲೆ ಹತ್ತು ನಿಮಿಷ ಇಡು. ತಣಿದರೆ ಮತ್ತೆ ಅದ್ದು. ಬೆಳಿಗ್ಗೆ, ಸಂಜೆ. ಭಟ್ಟಿಯಲ್ಲಿ ಹೊಗೆಗೆ ಬೆನ್ನು ಕೊಟ್ಟು ಕೂತ್ಕೋ."

ಅವಳು ಹೋದ ಮೇಲೆ ಅಂದಾನಪ್ಪ ಗೊಣಗಿದ, "ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂತು, ಔಷಧ ಹೋಗಿ ಬಿಸಿನೀರು ಬಂತು!" ಪೊಟ್ಟಣವನ್ನು ಮಾತ್ರ ಗೋಡೆಯ ಗೂಡಿನಲ್ಲಿ ಜೋಪಾನವಾಗಿಟ್ಟ.

ಸಂಜೆ ನೀಲಗಂಗವ್ವ ನೀರು ಕಾಯಿಸಿದಳು. ಅಂಗೈ ಅದ್ದಿ ನೋಡಿದಳು, ಹಿತವಾಗಿತ್ತು. ಬಟ್ಟೆ ಹಿಂಡಿ ಕಣ್ಣಿಗಿಟ್ಟುಕೊಂಡಳು. ಮರುಗಳಿಗೆಗೆ ಚೀರಿದಳು. ರೆಪ್ಪೆಗಳು ಕೆಂಪಗೆ ಸುಟ್ಟಿದ್ದವು, ಒಂದರ ಮೇಲೆ ಬೊಕ್ಕೆ ಎದ್ದಿತು.

ಅಂದಾನಪ್ಪ ಉರಿದುಬಿದ್ದ. "ಸಾಕ್ ಇಕಿ ನರ್ಸಬಾಯಿ ಸುದ್ದಿ! ಕಣ್ಣ ಬೇಸಿಬಿಟ್ಲು. ಬಾ ಇಲ್ಲಿ, ಅಂಜನ ಹಾಕೂದ."

ಬಿಳಿಯ ಎರಡು ಕಣ್ಣುಗಳು ಮೂಲೆಯಲ್ಲಿ ಕೂತಿದ್ದವು. ನಾಳೆ ಅವುಗಳ ಪಕ್ಕದಲ್ಲಿ ತನ್ನವೂ ಎರಡು. ನೀಲಗಂಗವ್ವನಿಗೆ ಅಳುವುದಕ್ಕೂ ಆಗಲಿಲ್ಲ, ಅತ್ತರೆ ಸುಟ್ಟ ರೆಪ್ಪೆ ಉರಿಯುತ್ತಿತ್ತು.

ಅಂದಾನಪ್ಪ ಗೂಡಿಗೆ ಕೈ ಹಾಕಿದ. ಪೊಟ್ಟಣ ಇರಲಿಲ್ಲ.

ಗುರುಶಾಂತವ್ವ ಗೋಡೆ ಸವರುತ್ತ ಭಟ್ಟಿಯ ಬಾಯಿಗೆ ಹೋಗಿ ನಿಂತಿದ್ದಳು. ಬಿಸಿ ಎಲ್ಲಿಂದ ಬರುತ್ತಿದೆಯೆಂದು ಮುಖದಲ್ಲೇ ಅಳೆದು, ಮುಷ್ಟಿಯಲ್ಲಿದ್ದುದನ್ನು ಎಸೆದಳು. ಬೆಂಕಿ ಭಗ್ಗೆಂದು ಹಸಿರಾಯಿತು.

"ಯಾವ ಬಣ್ಣ ಬಂತೋ, ಅಂದಾನಿ?"

ಅವನ ಕೈ ಇನ್ನೂ ಖಾಲಿ ಗೂಡಿನಲ್ಲೇ ಇತ್ತು.

"ಹೇಳೋ. ನನಗ ಕಾಣಂಗಿಲ್ಲ."

"ಹಸರು, ಯವ್ವಾ."

ಮರುದಿನ ಬೆಳಕು ಹರಿಯುವ ಮೊದಲೇ ಅವನು ಊರೊಳಗೆ ನಡೆದು ಹೋಗಿ ಅಲ್ಲಿ ತಂಗಿದ್ದ ಸೀತಮ್ಮನನ್ನು ಕರೆತಂದ. ಅವಳು ಮೊದಲು ಸುಟ್ಟ ಗಾಯ ನೋಡಿ, ರೆಪ್ಪೆಯ ಒಳಗೆ ಕಣ್ಣಿಗೆ ಏನೂ ಆಗಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಕೇಳಿದಳು, "ಬಿಸಿ ಹ್ಯಾಂಗೆ ನೋಡಿದೆ?"

"ಅಂಗೈಲೇ ರೀ. ಹಿತಾನ ಇತ್ತು."

ಸೀತಮ್ಮ ಆ ಅಂಗೈ ಹಿಡಿದು ಉಗುರಿನಿಂದ ಒತ್ತಿದಳು. ಚರ್ಮ ಚಪ್ಪಲಿಯ ಅಟ್ಟೆಯ ಹಾಗಿತ್ತು.

"ತಪ್ಪು ನನ್ನದೇ. ನಿನ್ನ ಅಂಗೈಗೆ ಬಿಸಿ ತಿಳಿಯೂದು ಬಿಟ್ಟು ಎಷ್ಟು ವರ್ಷ ಆಗಿದೆಯೋ! ನಾನು ಕೇಳಲೇ ಇಲ್ಲ. ಸುಟ್ಟದ್ದು ಮಾಯುವವರೆಗೆ ಬಟ್ಟೆ ಇಡಬೇಡ. ಆಮೇಲೆ ಬಟ್ಟೆಯನ್ನ ಮೊಣಕೈ ಒಳಗಿನ ಮೆತ್ತನೆ ಚರ್ಮಕ್ಕೆ ತಾಗಿಸಿ ನೋಡು. ಅಲ್ಲಿ ಹಿತವಾದರೆ ಕಣ್ಣಿಗೂ ಹಿತ."

ರೆಪ್ಪೆ ಮಾಯಿತು. ಬಿಸಿನೀರಿನ ಬಟ್ಟೆ ಶುರುವಾಯಿತು. ಮೊದಲ ವಾರ ಹೆಚ್ಚೇನೂ ವ್ಯತ್ಯಾಸ ಅನ್ನಿಸಲಿಲ್ಲ. ಮೂರನೆಯ ವಾರ ಒಂದು ಬೆಳಿಗ್ಗೆ ರೆಪ್ಪೆಗಳು ತಾವಾಗಿಯೇ ತೆರೆದವು. ಅಂದಿನಿಂದ ಭಟ್ಟಿಯಲ್ಲಿ ಕರಕು ಕಡಿಮೆಯಾಯಿತು. ಬಟ್ಟೆ ಬಿಟ್ಟರೆ ಕರಕರ ಮತ್ತೆ ಬರುತ್ತದೆ, ಆದ್ದರಿಂದ ಅವಳು ಬಿಡಲಿಲ್ಲ. ಈಗ ನೀರು ಕಾಯಿಸಿ ಕೊಡುವವನು ಅಂದಾನಪ್ಪನೇ. ತನ್ನ ಮೊಣಕೈಗೂ ಒಮ್ಮೆ ತಾಗಿಸಿ ನೋಡುತ್ತಾನೆ.

ಗುರುಶಾಂತವ್ವನ ಕಣ್ಣು ಮಾತ್ರ ಬರಲಿಲ್ಲ. ಸೀತಮ್ಮ ಸುಳ್ಳು ಆಸೆಯನ್ನೂ ಹೇಳಲಿಲ್ಲ.

"ಮೂವತ್ತು ವರ್ಷ ಬೆಂಕಿ ಮುಂದ ಕುಂತೆ," ಎಂದಳು ಮುದುಕಿ ಒಂದು ದಿನ. "ಬಿಸಿನೀರು ಅಂತ ಹೇಳಾಕ ಒಬ್ರೂ ಬರಲಿಲ್ಲ." ಸೊಸೆಯತ್ತ ಮುಖ ತಿರುಗಿಸಿ, "ಗಂಗವ್ವ, ಇವತ್ತ ಬದನಿಕಾಯಿ ಪಲ್ಯ ಮಾಡವಾ" ಎಂದಳು.

ಅಂದಾನಪ್ಪನೇ ಎದ್ದು ತರಲು ಹೋದ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಒಲೆ, ಭಟ್ಟಿ, ಕುಲುಮೆಯ ಮುಂದೆ ದುಡಿಯುವ ನಿಮ್ಮ ಅಂಗೈಯನ್ನು ನಂಬಬೇಡಿ. ಮೊಣಕೈಯ ಒಳಭಾಗವನ್ನು ಕೇಳಿ. ಕೈ ತೊಳೆದು, ಒಬ್ಬೊಬ್ಬರು ಬೇರೆ ಬೇರೆ ಬಟ್ಟೆ ಬಳಸಿ. ಕಣ್ಣಿನಲ್ಲಿ ನೋವು, ಕೀವು, ನೋಟದಲ್ಲಿ ಮಂಜು ಕಂಡರೆ ಬಟ್ಟೆ ಇಡುತ್ತ ಕೂರಬೇಡಿ, ಅದೇ ದಿನ ದವಾಖಾನೆಗೆ ನಡೆಯಿರಿ. ಸಂತೆಯ ಪುಡಿ ಕಣ್ಣಿನ ಹತ್ತಿರ ಸುಳಿಯದಿರಲಿ. ಗುರುಶಾಂತವ್ವನಿಗೆ ಹೇಳಲು ಯಾರೂ ಬರಲಿಲ್ಲ. ನಿಮಗೆ ಈಗ ಗೊತ್ತಾಗಿದೆ. ಏಳಿ, ಪಕ್ಕದ ಮನೆಗೆ ಹೇಳಿ ಬನ್ನಿ.