ದೊರೆ ಬಾವಿಯ ಕುಳಿಕಲ್ಲು

ಕೊಡ ಮುಳುಗಲೊಲ್ಲದು. ಅಮರಮ್ಮ ಕೊನೆಯ ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತು ತಾಮ್ರದ ಕೊಡವನ್ನು ನೀರಿಗೆ ಅದುಮಿದಳು. ಅದು ಪುಸಕ್ಕನೆ ಮೇಲೆದ್ದು, ಕೈತಪ್ಪಿ ತೇಲಿಹೋಯಿತು. ಹಿಡಿಯಲು ಬಾಗಿದವಳು ಮೊಳಕಾಲತನಕ ನೀರಿಗಿಳಿದಳು. ಮೇಲೆ ಫೋನು ಹಿಡಿದು ನಿಂತಿದ್ದ ಹೈದರಾಬಾದಿನ ಹದಿನೈದು ಮಂದಿ ಹೋ ಎಂದು ನಕ್ಕರು.

“ವಯಸ್ಸಾಗಿದೆ, ಕೈ ನಡುಗುತ್ತವೆ,” ಎಂದು ಭಾನುಪ್ರಕಾಶ ಅವರಿಗೆ ತೆಲುಗಿನಲ್ಲಿ ಹೇಳಿದ.

ಕೈ ನಡುಗುತ್ತವಂತೆ! ಇಪ್ಪತ್ತು ವರ್ಷ ಮುಂಬೈಯಲ್ಲಿ ಕಾಂಕ್ರೀಟಿನ ಬುಟ್ಟಿ ಹೊತ್ತು ಅಂತಸ್ತು ಅಂತಸ್ತು ಹತ್ತಿದ ಕೈ ಅದು. ನಿಜವೇನೆಂದರೆ, ಈ ಬಾವಿಯಲ್ಲಿ ಕೊಡ ಹೇಗೆ ಓರೆ ಮಾಡಿ ಮುಳುಗಿಸಬೇಕೆಂದು ಅವಳಿಗೆ ಗೊತ್ತೇ ಇರಲಿಲ್ಲ. ದಿನಾ ಬೆಳಿಗ್ಗೆ ಇದರ ಮೆಟ್ಟಿಲು ಗುಡಿಸುತ್ತಾಳೆ, ಸರಿ. ಗುಡಿಸುವುದು ಬೇರೆ, ತುಂಬುವುದು ಬೇರೆ.

ಭಾನುಪ್ರಕಾಶ ತೆಲಂಗಾಣದ ನಾರಾಯಣಪೇಟೆಯ ಹಳೆ ಪ್ಯಾಟಿಯ ದೊಡ್ಡ ವಾಡೆಯ ಮೊಮ್ಮಗ. ಐತವಾರಕ್ಕೊಮ್ಮೆ ಹೊರಗಿನವರನ್ನು ಕರೆದುಕೊಂಡು ವಾಡೆ, ಮಗ್ಗದ ಓಣಿ ಎಲ್ಲ ಸುತ್ತಿಸಿ, ಕಡೆಗೆ ತನ್ನ ಮುತ್ತಾತ ತೋಡಿಸಿದ ಈ ದೊರೆ ಬಾವಿಗೆ ತಂದು ನಿಲ್ಲಿಸುತ್ತಾನೆ. ಕಸ ತುಂಬಿದ್ದ ಬಾವಿಯನ್ನು ಸಮಿತಿ ಮಾಡಿ ತೆಗೆಸಿದವನೂ ಅವನೇ, ಅಮರಮ್ಮನಿಗೆ ಕಸಬರಿಗೆ ಕೊಟ್ಟವನೂ ಅವನೇ. ಅದೊಂದು ಇರುವುದಕ್ಕೇ ಅರವತ್ತೆರಡರ ಮುದುಕಿ ಮತ್ತೆ ಮುಂಬೈ ದಾರಿ ಹಿಡಿಯದೆ ಊರಲ್ಲಿ ಉಳಿದಿದ್ದಳು.

ಇವತ್ತು ಬೆಳಿಗ್ಗೆ ಬಂದವನೇ ಹೇಳಿದ್ದ: “ಕೊಡ ತುಂಬಿ ತೋರಸು. ಸಣ್ಣಾಕಿದ್ದಾಗ ನಮ್ಮವ್ವನ ಜೋಡಿ ದಿನಾ ಇಲ್ಲೇ ತುಂಬತಿದ್ದೆ ಅನ್ನು. ಮತ್ತೇನೂ ಒದರಬ್ಯಾಡ. ಕಸಬರಿಗಿ ಹಿಡಿಯಾಕ ಮಂದಿ ಭಾಳ ಅದಾರ.”

“ಆತ್ರಿ ಸಣ್ಣ ದೊರಿ,” ಅಂದಿದ್ದಳು. ಅನ್ನದೆ ಏನು ಮಾಡ್ಯಾಳು?

ಖಾಲಿ ಕೊಡ ಹಿಡಿದು, ಒದ್ದೆ ಸೀರೆ ಹಿಂಡಿಕೊಳ್ಳುತ್ತ ಅವಳು ಮೇಲೆ ಬರುವಷ್ಟರಲ್ಲಿ ಅವನು ಬಾವಿಯ ಬಾಯಿಯ ಹೊರಗಿನ ಉದ್ದನೆಯ ಚಪ್ಪಡಿ ತೋರಿಸುತ್ತಿದ್ದ. ಚಪ್ಪಡಿಯ ಮೇಲೆ ಸಾಲಾಗಿ ಏಳು ಕುಳಿ. “ದಾರಿಹೋಕರು ಕೊಡ ಇಳಿಸಿ ದಣಿವಾರಿಸಿಕೊಳ್ಳಲಿ ಅಂತ ನಮ್ಮ ಮುತ್ತಾತ ಹಾಸಿಸಿದ ಕಲ್ಲು. ಆಗ ಇಲ್ಲಿ ಭೇದಭಾವ ಇರಲಿಲ್ಲ, ಊರಿಗೆ ಊರೇ ಒಂದೇ ನೀರು ಕುಡಿಯುತ್ತಿತ್ತು,” ಎಂದು ತೆಲುಗಿನಲ್ಲಿ ಹೇಳಿದ. ಬಂದವರು ತಲೆದೂಗಿದರು.

ಗುಂಪಿನಲ್ಲಿದ್ದ ಶಿರಿಷಾ ಎಂಬ ಹುಡುಗಿ ಅಮರಮ್ಮನ ಹತ್ತಿರ ಬಂದು ತೆಲುಗಿನಲ್ಲೇ ಕಿಚಾಯಿಸಿದಳು: “ಏನಮ್ಮಾ, ದಿನಾ ತುಂಬುತ್ತಿದ್ದಿರಂತೆ, ಮರೆತೇಬಿಟ್ಟಿರಾ?”

ಹುಡುಗಿಯ ತಪ್ಪೇನಿಲ್ಲ, ಪಾಪ. ಆದರೆ ಅಮರಮ್ಮನಿಗೆ ತಡೆಯಲಾಗಲಿಲ್ಲ. ಎಲ್ಲರಿಗೂ ತಿಳಿಯಲಿ ಎಂದು ಅವಳೂ ತೆಲುಗಿನಲ್ಲೇ ಅಂದಳು: “ಕಲಿತಿದ್ದರಲ್ಲೇನವ್ವಾ ಮರೆಯೋದು? ನಮ್ಮ ಕೇರಿಯವರು ಈ ಮೆಟ್ಟಿಲು ಇಳಿದವರಲ್ಲ. ಆ ಕಲ್ಲಿನ ಮೇಲೆ ಕೊಡ ಇಟ್ಟು ಕಾಯಬೇಕು. ಯಾರಿಗಾದರೂ ಮನಸ್ಸು ಬಂದರೆ ಕೊಡಕ್ಕೆ ಕೊಡ ತಾಗದಂತೆ ಮೇಲಿಂದ ನೀರು ಹಾಕಬೇಕು. ಆ ಕುಳಿ ಬಿದ್ದದ್ದು ನಮ್ಮ ಕೊಡಗಳಿಂದ. ಮೂರನೇದು ನಮ್ಮವ್ವನದು. ಏಳು ತಿಂಗಳ ಬಸುರಿ, ಬಿಸಿಲು ನೆತ್ತಿಗೆ ಬರೋತನಕ ಅಲ್ಲೇ ಕೂತಿರುತ್ತಿದ್ದಳು.”

ಭಾನುಪ್ರಕಾಶನ ಮುಖ ಕಪ್ಪಿಟ್ಟಿತು. ಅಷ್ಟರಲ್ಲಿ ದೊಡ್ಡ ಕ್ಯಾಮೆರಾದ ಗಂಡಸೊಬ್ಬ, “ಅಬ್ಬಾ, ಎಂಥಾ ಕಥೆ! ಇದು ಬೇಕು ನೋಡಿ ನಮಗೆ. ಅಮ್ಮಾ, ಹಾಗೇ ಕೂತು ತೋರಿಸ್ತೀರಾ?” ಎಂದ. ಉಳಿದವರೂ ಹೌದು ಹೌದು ಎಂದು ಮುಂದೆ ನುಗ್ಗಿದರು. ಬಂದವರಿಗೆ ಹಿಡಿಸಿತೆಂದ ಕೂಡಲೇ ಭಾನುಪ್ರಕಾಶನ ಮುಖಕ್ಕೂ ಕಳೆ ಬಂತು.

“ಕುಂದ್ರು ಅಮರಮ್ಮಾ, ಕುಂದ್ರು. ಮುಂದಿನ ಐತವಾರದಿಂದ ಇದನ್ನ ತೋರಸೋಣ.”

ತೋರಿಸುವುದಂತೆ! ಹೇಳಿದರೆ ನಾಚಿಯಾರು ಅಂದುಕೊಂಡಿದ್ದಳು, ಹುಚ್ಚಿ. ಅವಳು ಮೂರನೇ ಕುಳಿಯ ಹಿಂದೆ ಕೂತಳು. ಕೂತದ್ದೇ ತಡ, ಯಾರೂ ಹೇಳಿಕೊಡದೆ ಎರಡೂ ಕೈ ಕೊಡವನ್ನು ಹಿಡಿದು ಮುಂದಕ್ಕೆ ಚಾಚಿಕೊಂಡವು, ಮುಖ ಪಕ್ಕಕ್ಕೆ ಹೊರಳಿತು. ಸಣ್ಣವಳಿದ್ದಾಗ ಅವ್ವನ ಪಕ್ಕ ಕೂತು ಕಾಯ್ದದ್ದನ್ನೆಲ್ಲ ತನ್ನ ಮೈ ಇನ್ನೂ ಇಟ್ಟುಕೊಂಡಿದೆಯಲ್ಲ ಎಂದು ಅವಳಿಗೆ ಹೇಸಿಗೆಯಾಯಿತು.

ಶಿರಿಷಾ ಅಲ್ಲೇ ಇಟ್ಟಿದ್ದ ಇನ್ನೊಂದು ಸಣ್ಣ ಕೊಡ ತುಂಬಿ ತಂದಳು. ಈ ಕಾಲದ ಹುಡುಗಿ, ಒಂದೇ ಸಲಕ್ಕೆ ತುಂಬಿದ್ದಳು. ಇನ್ನೇನು ಬಾಗಿಸಬೇಕು, ಅಮರಮ್ಮ ತಲೆಯೆತ್ತಿದಳು.

“ನೀನು ಬ್ಯಾಡವ್ವ. ಸಣ್ಣ ದೊರಿ, ನೀವು ಹಾಕ್ರಿ.”

“ನಾ ಯಾಕ?”

“ಆಕಿಗೆ ಏನು ಗೊತ್ತೈತ್ರಿ? ಎಷ್ಟು ಮ್ಯಾಲಿಂದ ಹಾಕಬೇಕಂತ ನಿಮ್ಮ ಮನಿಯವರಿಗೆ ಗೊತ್ತು.”

ಹದಿನೈದು ಫೋನುಗಳು ಅವನ ಕಡೆ ತಿರುಗಿದವು. ಅವನು ಕೊಡ ಇಸಿದುಕೊಂಡ. ಮೊದಲು ತೀರಾ ಹತ್ತಿರ ತಂದ. ತನ್ನ ಕೊಡದ ಅಂಚು ಅವಳ ಕೊಡಕ್ಕೆ ಇನ್ನೇನು ತಾಗಬೇಕು, ಕೈ ತಾನಾಗಿಯೇ ಮೊಳದಷ್ಟು ಮೇಲಕ್ಕೆ ಸರಿಯಿತು. ಅಲ್ಲಿಂದ ಸುರಿದ. ಒಂದು ಹನಿಯೂ ಆಚೀಚೆ ಹೋಗಲಿಲ್ಲ. ಅರ್ಧ ತುಂಬಿದಾಗ ಕೊಡ ಎತ್ತಿ, “ಆತಲ್ಲ, ಏಳು,” ಎಂದು ನಕ್ಕ. ಆ ನಗೆಯ ಹಿಂದೆ ಏನಿದೆ ಎಂದು ಅವಳಿಗೆ ಗೊತ್ತಿತ್ತು. ನಾಳೆ ಬೆಳಿಗ್ಗೆ ಕಸಬರಿಗೆ ಬೇರೆಯವರ ಕೈಯಲ್ಲಿರುತ್ತದೆ.

“ಅರ್ಧಾ ಆಗೈತ್ರಿ,” ಅಂದಳು ಅಮರಮ್ಮ. “ನಿಮ್ಮಜ್ಜಿನೂ ಇಷ್ಟಕ್ಕ ಏಳು ಅಂತಿದ್ರು. ಇವತ್ತು ನಾ ಏಳಂಗಿಲ್ಲ.”

ಅವನು ತನ್ನ ಕೊಡದಲ್ಲಿ ಉಳಿದದ್ದನ್ನೂ ಸುರಿದ. ಕಂಠ ಮುಟ್ಟಲಿಲ್ಲ. ಅವಳು ಚಾಚಿದ ಕೈ ಇಳಿಸಲಿಲ್ಲ. ಕ್ಯಾಮೆರಾದವನು ಒಂದು ಹೆಜ್ಜೆ ಮುಂದೆ ಬಂದು, “ತುಂಬಿಸಿ ಸಾರ್, ಚೆನ್ನಾಗಿ ಬರುತ್ತಿದೆ,” ಎಂದ.

ಭಾನುಪ್ರಕಾಶ ಒಮ್ಮೆ ಅವಳನ್ನು, ಒಮ್ಮೆ ಫೋನುಗಳನ್ನು ನೋಡಿದ. ಆಮೇಲೆ ಪ್ಯಾಂಟು ಮಡಚಿಕೊಂಡು, ಖಾಲಿ ಕೊಡ ಕಂಕುಳಲ್ಲಿಟ್ಟು, ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಯತೊಡಗಿದ.